ಶಾಸ್ತಾ ಡ್ಯಾಂನ ತಳದ ತಣ್ಣೀರು: ಲೆಕ್ಕ ತಪ್ಪಿದ್ದೆಲ್ಲಿ?

ಮಳೆಗಾಲ ಶುರುವಾದರೆ ಸಾಕು, ನಮ್ಮ ಟಿವಿಗಳಲ್ಲಿ, ಪೇಪರ್‌ಗಳಲ್ಲಿ ದಿನಾ ಒಂದು ಪಟ್ಟಿ ಬರುತ್ತದೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಮಂಡ್ಯದ ರೈತರಿಂದ ಹಿಡಿದು ಬೆಂಗಳೂರಿನ ಅಪಾರ್ಟ್‌ಮೆಂಟ್‌ನವರ ತನಕ ಎಲ್ಲರಿಗೂ ಬೇಕಾಗಿರುವುದು ಒಂದೇ ಉತ್ತರ: ನೀರು ಎಷ್ಟಿದೆ? ಆ ನೀರು ಎಷ್ಟು ತಣ್ಣಗಿದೆ ಅಂತ ಯಾರಾದರೂ ಕೇಳಿದ್ದನ್ನು ನಾನಂತೂ ನೋಡಿಲ್ಲ.

ಆದರೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಒಂದು ಡ್ಯಾಂ ಇದೆ. ಅಲ್ಲಿ ಪ್ರತಿ ಬೇಸಿಗೆಯಲ್ಲೂ ಕೇಳುವ ಪ್ರಶ್ನೆಯೇ ಅದು. ಹೆಸರು ಶಾಸ್ತಾ. ಸ್ಯಾಕ್ರಮೆಂಟೊ ನದಿಗೆ ಅಡ್ಡಲಾಗಿ 1938ರಿಂದ 1945ರ ನಡುವೆ ಕಟ್ಟಿದ್ದು, ಎತ್ತರ 183 ಮೀಟರ್. ತುಂಬಿದರೆ ಅವರ ಲೆಕ್ಕದಲ್ಲಿ 45.5 ಲಕ್ಷ ಎಕರೆ-ಅಡಿ. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು 198 ಟಿಎಂಸಿ, ಅಂದರೆ ನಾಲ್ಕು ಕೆಆರ್‌ಎಸ್. 2014 ಮತ್ತು 2015ರಲ್ಲಿ ಈ ಡ್ಯಾಂನ ತಣ್ಣೀರಿನ ಲೆಕ್ಕ ಎರಡು ವರ್ಷ ಸಾಲಾಗಿ ತಪ್ಪಿತು. ತಪ್ಪಿದ್ದಕ್ಕೆ ದಂಡ ಕಟ್ಟಿದ್ದು ಮೀನಿನ ಮೊಟ್ಟೆಗಳು. ತಣ್ಣೀರು ಎಲ್ಲಿಯ ತನಕ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಹೇಳುವ ಕಂಪ್ಯೂಟರ್ ಮಾಡೆಲ್ ಮೇಲೂ ಬೈಗುಳ ಬಿತ್ತು. ನನಗೇನೋ ಅದು ಅಷ್ಟು ಸರಿ ಅನಿಸಿಲ್ಲ, ಯಾಕೆ ಅಂತ ಹೇಳುತ್ತೇನೆ.

ಮೊದಲು ನಮ್ಮನೆ ತಾರಸಿಗೆ ಬನ್ನಿ. ಸೋಲಾರ್ ವಾಟರ್ ಹೀಟರ್ ಟ್ಯಾಂಕ್ ಇದೆಯಲ್ಲ, ಅದರೊಳಗೆ ನೀರು ಒಂದೇ ಬಿಸಿ ಇರುವುದಿಲ್ಲ. ಬಿಸಿನೀರು ಹಗುರ, ಮೇಲೆ ನಿಲ್ಲುತ್ತದೆ. ತಣ್ಣೀರು ಭಾರ, ಕೆಳಗೆ ಕೂರುತ್ತದೆ. ಬಚ್ಚಲಿಗೆ ಹೋಗುವ ಪೈಪು ಮೇಲಿಂದ ಹೊರಡುತ್ತದೆ, ಹೊಸ ನೀರು ಕೆಳಗಿಂದ ಬರುತ್ತದೆ. ಬೆಳಿಗ್ಗೆ ಮೊದಲು ಸ್ನಾನಕ್ಕೆ ಹೋದವರಿಗೆ ಕುದಿಯುವಂಥ ನೀರು, ಎರಡನೆಯವರಿಗೂ ಅಷ್ಟೇ, ಮೂರನೆಯವರಿಗೂ ಪರವಾಗಿಲ್ಲ, ನಾಲ್ಕನೆಯವರು ತಲೆಗೆ ಶಾಂಪೂ ಹಾಕಿಕೊಂಡು ನಿಂತಿರುವಾಗ ಇದ್ದಕ್ಕಿದ್ದಂತೆ ಐಸ್ ಥರ ನೀರು. ನಿಧಾನಕ್ಕೆ ಆರುತ್ತಾ ಬರಲಿಲ್ಲ, ಒಂದೇ ಸಲಕ್ಕೆ ಬದಲಾಯಿತು, ಅಲ್ವಾ? ಬಿಸಿ ಮತ್ತು ತಣ್ಣೀರಿನ ನಡುವಿನ ಗಡಿ ಮೇಲೇರುತ್ತಾ ಬಂದು ಪೈಪಿನ ಬಾಯಿ ಮುಟ್ಟಿದ ಕ್ಷಣ ಅದು. ಜಲಾಶಯದಲ್ಲಿ ಆ ಗಡಿಗೆ ಥರ್ಮೋಕ್ಲೈನ್ ಅನ್ನುತ್ತಾರೆ.

ಶಾಸ್ತಾದಲ್ಲಿ ಇದೇ ಕಥೆ ತಲೆಕೆಳಗು. ಅವರಿಗೆ ಬೇಕಾಗಿರುವುದು ತಳದ ತಣ್ಣೀರು. ಚಳಿಗಾಲದಲ್ಲಿ ಇಡೀ ಜಲಾಶಯ ಮೇಲಿಂದ ತಣ್ಣಗಾಗಿ, ಮೇಲು ಕೆಳಗು ಕಲಸಿಕೊಂಡು, ಹೆಚ್ಚುಕಮ್ಮಿ ಒಂದೇ ಉಷ್ಣಾಂಶಕ್ಕೆ ಬರುತ್ತದೆ. ವಸಂತದಲ್ಲಿ ಬಿಸಿಲು ಏರಿದಾಗ ಮೇಲ್ಪದರ ಕಾಯುತ್ತದೆ, ಹಗುರವಾಗುತ್ತದೆ, ಕೆಳಗಿನ ತಣ್ಣೀರಿಗೆ ಮುಚ್ಚಳ ಹಾಕಿದಂತೆ ಕೂರುತ್ತದೆ. ಅಲ್ಲಿಗೆ ಆ ವರ್ಷದ ತಣ್ಣೀರಿನ ದಾಸ್ತಾನು ಬಹುಪಾಲು ನಿರ್ಧಾರ ಆದಂತೆ. ಮುಂದಿನ ಐದಾರು ತಿಂಗಳು ಅದನ್ನು ಖರ್ಚು ಮಾಡುವುದಷ್ಟೇ ಕೆಲಸ.

ಯಾರಿಗೆ ಬೇಕು ಈ ತಣ್ಣೀರು? ಚಳಿಗಾಲದ ಶಿನೂಕ್ ಸಾಲ್ಮನ್ ಅನ್ನೋ ಮೀನಿಗೆ. ಹೆಸರು ನೋಡಿ ಮೋಸ ಹೋಗಬೇಡಿ. ಚಳಿಗಾಲದಲ್ಲಿ ಅದು ಸಮುದ್ರದಿಂದ ನದಿಗೆ ಬರುತ್ತದೆ ಅಷ್ಟೇ, ಮೊಟ್ಟೆ ಇಡುವುದು ಸುಡು ಬೇಸಿಗೆಯಲ್ಲಿ. ಈಗ ಮೊಟ್ಟೆ ಇಡುವ ಜಾಗ ರೆಡಿಂಗ್ ಊರಿನ ಹತ್ತಿರ, ಅಲ್ಲಿ ಬೇಸಿಗೆ ಅಂದರೆ 40 ಡಿಗ್ರಿ ಸೆಲ್ಸಿಯಸ್ ಮಾಮೂಲಿ. ಇಂಥ ಹುಚ್ಚು ಅಭ್ಯಾಸ ಯಾಕೆ ಬಂತು ಅಂದರೆ, ಹಿಂದೆ ಇವು ಮೊಟ್ಟೆ ಇಡುತ್ತಿದ್ದದ್ದು ಇನ್ನೂ ಮೇಲೆ, ಮೆಕ್‌ಕ್ಲೌಡ್, ಪಿಟ್‌ನಂಥ ನದಿಗಳಲ್ಲಿ. ಮೆಕ್‌ಕ್ಲೌಡ್‌ಗೆ ಶಾಸ್ತಾ ಅನ್ನೋ ಜ್ವಾಲಾಮುಖಿ ಬೆಟ್ಟದ ಒರತೆ ನೀರು ಬರುತ್ತದೆ, ಜುಲೈನಲ್ಲೂ ತಣ್ಣಗೇ ಇರುತ್ತದೆ. ಡ್ಯಾಂ ಬಂತು, ದಾರಿ ಮುಚ್ಚಿತು. ಮೀನು ಡ್ಯಾಂ ಕೆಳಗೇ ಉಳಿಯಿತು. ಡ್ಯಾಂ ತಳದಿಂದ ತಣ್ಣೀರು ಬರುತ್ತಿದ್ದರಿಂದ ಹೇಗೋ ಬದುಕಿಕೊಂಡಿತು. 1969ರಲ್ಲಿ ವಾಪಸ್ ಬಂದ ಮೀನು ಲಕ್ಷ ದಾಟಿದ್ದವು. 1991ರಲ್ಲಿ 200 ಕೂಡ ಇರಲಿಲ್ಲ. 1994ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಅದಕ್ಕೂ ಮೊದಲೇ, 1990ರಲ್ಲಿ, ರಾಜ್ಯದ ಜಲ ಮಂಡಳಿ ಒಂದು ಆದೇಶ ಮಾಡಿತ್ತು. ಮೊಟ್ಟೆ ಇರುವ ಕಾಲದಲ್ಲಿ ನದಿ ನೀರು 56 ಡಿಗ್ರಿ ಫ್ಯಾರನ್‌ಹೀಟ್ ಮೀರಬಾರದು. ನಮ್ಮ ಲೆಕ್ಕದಲ್ಲಿ 13.3 ಡಿಗ್ರಿ. ಈ 56 ಅನ್ನೋ ಸಂಖ್ಯೆ ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಕಷ್ಟ ಏನೆಂದರೆ, ಶಾಸ್ತಾದ ಟರ್ಬೈನ್‌ಗಳಿಗೆ ನೀರು ಹೋಗುವ ಬಾಯಿಗಳು ಒಂದೇ ಎತ್ತರದಲ್ಲಿದ್ದವು. ಇನ್ನೂ ಕೆಳಗಿನ ತಣ್ಣೀರು ಬೇಕೆಂದರೆ ತಳದ ತೂಬುಗಳಿಂದ ಬಿಡಬೇಕು. ಹಾಗೆ ಬಿಟ್ಟ ನೀರು ಟರ್ಬೈನ್ ಹತ್ತಿರವೂ ಸುಳಿಯುವುದಿಲ್ಲ, ಕರೆಂಟ್ ಹೋಯಿತು. 1987ರಿಂದ ಸುಮಾರು ಹತ್ತು ವರ್ಷ ಹೀಗೇ ನಷ್ಟ ಮಾಡಿಕೊಂಡರು. ಆಮೇಲೆ 1997ರಲ್ಲಿ ಸುಮಾರು 8 ಕೋಟಿ ಡಾಲರ್ ಖರ್ಚು ಮಾಡಿ ಡ್ಯಾಂನ ಹಿಂಬದಿಗೆ, ನೀರಿನ ಕಡೆಗೆ, ಒಂದು ದೈತ್ಯ ಉಕ್ಕಿನ ಪೆಟ್ಟಿಗೆ ಕೂರಿಸಿದರು. ಅದಕ್ಕೆ ಬೇರೆಬೇರೆ ಎತ್ತರದಲ್ಲಿ ಗೇಟುಗಳು. ಮೇಲಿನ ಗೇಟು ತೆಗೆದರೆ ಬೆಚ್ಚಗಿನ ನೀರು, ಪೆಟ್ಟಿಗೆಯ ಪಕ್ಕದಲ್ಲಿ ಎಲ್ಲಕ್ಕಿಂತ ಆಳಕ್ಕಿರುವ ಗೇಟು (ಇದನ್ನೇ ಮುಂದೆ ಪಕ್ಕದ ಗೇಟು ಅನ್ನುತ್ತೇನೆ) ತೆಗೆದರೆ ತೀರಾ ತಣ್ಣೀರು, ಎರಡೂ ಕಡೆ ಸ್ವಲ್ಪ ಸ್ವಲ್ಪ ತೆಗೆದರೆ ಬೆರಕೆ. ಬಚ್ಚಲಿನಲ್ಲಿ ಎರಡು ನಲ್ಲಿ ತಿರುಗಿಸಿ ಹದ ಮಾಡಿಕೊಳ್ಳುತ್ತೇವಲ್ಲ, ಅದೇ. ಯಾವ ಗೇಟಿಂದ ತಂದರೂ ನೀರು ಟರ್ಬೈನ್ ಮೂಲಕವೇ ಹೋಗುತ್ತದೆ.

ಉಪಾಯ ಚೆನ್ನಾಗಿದೆ. ವಸಂತದಲ್ಲಿ ಮೇಲಿನ ಗೇಟಿಂದ ಬಿಡಿ, ತಣ್ಣೀರು ಉಳಿಸಿ. ಬೇಸಿಗೆ ಕೊನೆಗೆ ಆಳದ ಗೇಟಿಗೆ ಇಳಿಯಿರಿ. ಯಾವಾಗ ಎಷ್ಟು ಇಳಿಯಬೇಕು ಅನ್ನೋದೇ ಪ್ರಶ್ನೆ. ಅದಕ್ಕೇ ಮಾಡೆಲ್ ಬೇಕು.

ಮಾಡೆಲ್ ಅಂದರೆ ಭಯಪಡುವಂಥದ್ದೇನಲ್ಲ. ನಾನೂ ಸುಮ್ನೆ ಕುತೂಹಲಕ್ಕೆ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ನೂರು ಸಾಲಿನದೊಂದು ಬರೆದು ನೋಡಿದೆ. ಜಲಾಶಯವನ್ನು ದೋಸೆ ಪೇರಿಸಿಟ್ಟ ಹಾಗೆ ಒಂದೊಂದು ಮೀಟರ್ ದಪ್ಪದ ಪದರಗಳಾಗಿ ಕತ್ತರಿಸುವುದು. ಒಂದು ಪದರದಲ್ಲಿ ಒಂದೇ ಉಷ್ಣಾಂಶ ಅಂತ ಹಿಡಿಯುವುದು. ಆಮೇಲೆ ಪ್ರತಿ ಗಂಟೆಗೂ ಪ್ರತಿ ಪದರಕ್ಕೂ ಜಮಾ ಖರ್ಚು ಬರೆಯುವುದು. ಬಿಸಿಲಿನ ಶಾಖದಲ್ಲಿ ಅರ್ಧದಷ್ಟು ಮೊದಲ ಮೀಟರ್‌ನಲ್ಲೇ ಮುಗಿಯುತ್ತದೆ, ಮಿಕ್ಕಿದ್ದು ಕೆಳಗೆ ಹೋಗುತ್ತಾ ಹೋಗುತ್ತಾ ಕ್ಷೀಣಿಸುತ್ತದೆ. ರಾತ್ರಿ ಮೇಲಿಂದ ಶಾಖ ಹೊರಟುಹೋಗುತ್ತದೆ, ಆವಿಯಾದರೂ ಹೋಗುತ್ತದೆ. ಬರುವ ನದಿ ನೀರು ತನ್ನಷ್ಟೇ ಭಾರದ ಪದರ ಹುಡುಕಿಕೊಂಡು ಅಲ್ಲಿ ನುಗ್ಗುತ್ತದೆ. ಗೇಟಿನ ಎದುರಿನ ಪದರಗಳಿಂದ ನೀರು ಖಾಲಿಯಾಗುತ್ತದೆ, ಮೇಲಿನದು ಆ ಜಾಗಕ್ಕೆ ಇಳಿಯುತ್ತದೆ.

ನನ್ನ ಮೊದಲ ಪ್ರಯತ್ನ ನಗೆಪಾಟಲು. ಬೆಳಗಿನ ಜಾವಕ್ಕೆ ಮೇಲಿನ ಪದರ ಕೆಳಗಿನದಕ್ಕಿಂತ ತಣ್ಣಗಾಗಿ ಹಾಗೇ ನಿಂತಿತ್ತು. ಭಾರದ ನೀರು ಹಗುರದ ನೀರಿನ ಮೇಲೆ ತೇಲುತ್ತಿದೆ! ಮರೆತಿದ್ದು ಒಂದೇ ವಿಷಯ: ಮೇಲಿಂದ ನೋಡುತ್ತಾ ಬಂದು, ಎಲ್ಲಿ ಮೇಲಿನ ಪದರ ಭಾರವಾಗಿದೆಯೋ ಅಲ್ಲಿ ಎರಡನ್ನೂ ಕಲಸಿ ಸರಾಸರಿ ಹಾಕಬೇಕು, ಸರಿಹೋಗುವ ತನಕ ಕೆಳಗೆ ಇಳಿಯುತ್ತಾ ಹೋಗಬೇಕು. ನಾಲ್ಕು ಸಾಲು ಸೇರಿಸಿದ ಮೇಲೆ ಪರದೆಯ ಮೇಲೆ ತಾನಾಗಿಯೇ ಥರ್ಮೋಕ್ಲೈನ್ ಮೂಡಿತು. ಅದನ್ನು ನೋಡುವ ಖುಷಿಯೇ ಬೇರೆ ಬಿಡಿ.

ಒಂದೆರಡು ಲೆಕ್ಕ ಕೈಯಲ್ಲೇ ಹಾಕಬಹುದು. ಒಂದು ಚದರ ಮೀಟರ್‌ಗೆ ನಿವ್ವಳ 150 ವ್ಯಾಟ್ ಶಾಖ ಸಿಗುತ್ತಿದೆ ಅಂದುಕೊಳ್ಳಿ. ಅದು ಮೇಲಿನ 10 ಮೀಟರ್ ನೀರನ್ನು ದಿನಕ್ಕೆ 0.3 ಡಿಗ್ರಿ ಕಾಯಿಸುತ್ತದೆ. ಒಂದು ತಿಂಗಳಿಗೆ 9 ಡಿಗ್ರಿ. ಜೋರಾಯಿತು. ಆದರೆ ಆ ಶಾಖ ಸುಮ್ಮನೆ ನಿಂತ ನೀರಿನಲ್ಲಿ ಅಣುವಿನಿಂದ ಅಣುವಿಗೆ ದಾಟಿಕೊಂಡು 10 ಮೀಟರ್ ಕೆಳಗೆ ಇಳಿಯಬೇಕೆಂದರೆ ಸುಮಾರು 22 ವರ್ಷ ಬೇಕು! ಗಾಳಿಯ ಕದಡುವಿಕೆ ಇರುವುದರಿಂದ ಅಷ್ಟು ತಡವಾಗುವುದಿಲ್ಲ ನಿಜ, ಆದರೂ ಥರ್ಮೋಕ್ಲೈನ್ ಒಮ್ಮೆ ಗಟ್ಟಿಯಾದರೆ ಗಾಳಿಯ ಆಟ ಅದರ ಕೆಳಗೆ ಅಷ್ಟಾಗಿ ನಡೆಯುವುದಿಲ್ಲ. ನನ್ನ ಪುಟ್ಟ ಮಾಡೆಲ್‌ನಲ್ಲಿ ಗೇಟು ಮುಚ್ಚಿಟ್ಟರೆ ತಳದ ನೀರು ಇಡೀ ಬೇಸಿಗೆ ಹೆಚ್ಚುಕಮ್ಮಿ ಅಲ್ಲಾಡಲೇ ಇಲ್ಲ. ಗೇಟು ತೆಗೆದೆ, ಗಡಿ ಇಳಿಯತೊಡಗಿತು. ಅಂದರೆ ತಣ್ಣೀರು ಬಿಸಿಯಾಗಿ ಹಾಳಾಗುವುದಕ್ಕಿಂತ ಜಾಸ್ತಿ, ನಾವೇ ಬಿಟ್ಟು ಖಾಲಿಯಾಗುತ್ತದೆ.

(ಒಂದು ಮಾತು, ನಮ್ಮ ಕಡೆಗೆ ಸಂಬಂಧಿಸಿದ್ದು. ನೀರಿನ ಸಾಂದ್ರತೆ ಎಲ್ಲ ಉಷ್ಣಾಂಶದಲ್ಲೂ ಒಂದೇ ಥರ ಬದಲಾಗುವುದಿಲ್ಲ. 10ರಿಂದ 11 ಡಿಗ್ರಿಗೆ ಹೋದರೆ ಘನ ಮೀಟರ್‌ಗೆ 0.1 ಕೆಜಿಯಷ್ಟೂ ಕಮ್ಮಿಯಾಗುವುದಿಲ್ಲ. 24ರಿಂದ 25ಕ್ಕೆ ಹೋದರೆ 0.25 ಕೆಜಿ ಕಮ್ಮಿಯಾಗುತ್ತದೆ. ಹಾಗಾಗಿ ನಮ್ಮಂಥ ಬಿಸಿ ಊರಿನ ಜಲಾಶಯದಲ್ಲಿ ಮೇಲಕ್ಕೂ ಕೆಳಕ್ಕೂ ಎರಡು ಮೂರು ಡಿಗ್ರಿ ವ್ಯತ್ಯಾಸ ಇದ್ದರೂ ಪದರ ಸಾಕಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಆಳದ ಬಾವಿಯಲ್ಲಿ ಈಜಿದವರಿಗೆ ಗೊತ್ತು, ಎದೆ ತನಕ ಬೆಚ್ಚಗೆ, ಕಾಲು ಇಳಿಬಿಟ್ಟರೆ ಜುಮ್.)

ಶಾಸ್ತಾಕ್ಕೆ ವಾಪಸ್. ಡ್ಯಾಂ ನಡೆಸುವ ಬ್ಯೂರೋ ಆಫ್ ರೆಕ್ಲಮೇಶನ್ ಬಳಸುತ್ತಿದ್ದದ್ದು ಹೆಚ್‌ಇಸಿ-5ಕ್ಯೂ ಅನ್ನೋ ಹಳೇ ಮಾಡೆಲ್. ಅದೂ ಜಲಾಶಯವನ್ನು ದೋಸೆ ಪೇರಿಸಿದ ಹಾಗೇ ನೋಡುವಂಥದ್ದು. ವಸಂತದಲ್ಲಿ ಜಲಾಶಯದ ಆಳಕ್ಕೆ ಥರ್ಮಾಮೀಟರ್ ಇಳಿಬಿಟ್ಟು, ಯಾವ ಆಳದಲ್ಲಿ ಎಷ್ಟು ಡಿಗ್ರಿ ಅಂತ ಬರೆದುಕೊಂಡು, ಅದನ್ನು ಮಾಡೆಲ್‌ಗೆ ಕೊಟ್ಟು, ಅಕ್ಟೋಬರ್ ತನಕ ಓಡಿಸುತ್ತಾರೆ.

2014 ಬರದ ಮೂರನೇ ವರ್ಷ. ಜಲಾಶಯ ತುಂಬಿರಲಿಲ್ಲ. ನೀರೇ ಅಷ್ಟು ಕೆಳಗಿದ್ದರೆ ಮೇಲಿನ ಗೇಟುಗಳು ಒಣಗಿ ನಿಲ್ಲುತ್ತವೆ, ಬೆಚ್ಚಗಿನ ನೀರನ್ನು ಮೊದಲು ಖರ್ಚು ಮಾಡುವ ಉಪಾಯವೇ ಕೈಕೊಡುತ್ತದೆ. ಸಾಲದ್ದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿಯ ತನಕ ದಾಖಲಾದ ವರ್ಷಗಳಲ್ಲೇ ಅತಿ ಬಿಸಿಯ ವರ್ಷ ಅದು. ಮಾಡೆಲ್ ಸುಧಾರಿಸಬಹುದು ಅಂದಿತ್ತು. ಆಗಸ್ಟ್ ಕೊನೆಗೆ ಆಳದ ಪಕ್ಕದ ಗೇಟಿಗೂ ಪೂರ್ತಿ ಇಳಿದಾಗಿತ್ತು. ಅದಕ್ಕಿಂತ ಕೆಳಗೆ ಗೇಟಿಲ್ಲ. ಸೆಪ್ಟೆಂಬರ್‌ನಲ್ಲಿ ಗಡಿ ಗೇಟಿನ ಬಾಯಿಗೆ ಬಂತು, ನದಿ ನೀರು 56 ದಾಟಿ ಮೇಲೇರಿತು. ಶಾಂಪೂ ಹಾಕಿಕೊಂಡ ನಾಲ್ಕನೆಯವರ ಕಥೆ, ತಲೆಕೆಳಗಾಗಿ.

ಮೊಟ್ಟೆಗಳು ಜಲ್ಲಿಕಲ್ಲಿನ ನಡುವೆ ಹೂತಿದ್ದವು. ಓಡಿಹೋಗುವಂತಿಲ್ಲ. ಕೆಳಗಡೆ ರೆಡ್ ಬ್ಲಫ್‌ನಲ್ಲಿ ಮರಿಗಳನ್ನು ಎಣಿಸುತ್ತಾರೆ. ಮಾಮೂಲಿ ವರ್ಷಗಳಲ್ಲಿ ಮೊಟ್ಟೆಗಳಲ್ಲಿ ಕಾಲುಭಾಗದ ಆಸುಪಾಸು ಮರಿಯಾಗಿ ಅಲ್ಲಿಗೆ ಮುಟ್ಟುತ್ತವೆ. ಆ ವರ್ಷ ಮುಟ್ಟಿದ್ದು ನೂರಕ್ಕೆ ಐದಾರು.

2015ಕ್ಕೆ ಹುಷಾರಾಗಿರೋಣ ಅಂದುಕೊಂಡರು. ಏಪ್ರಿಲ್ 1ರಂದು ರಾಜ್ಯಪಾಲ ಜೆರ್ರಿ ಬ್ರೌನ್ ಸಿಯೆರಾ ಬೆಟ್ಟದಲ್ಲಿ ಹಿಮ ಅಳೆಯುವ ಜಾಗಕ್ಕೆ ಹೋದರೆ ಕಾಲಡಿ ಒಣ ಹುಲ್ಲು. ರಾಜ್ಯದ ಹಿಮ ಮಾಮೂಲಿನ ನೂರಕ್ಕೆ 5 ಭಾಗ ಮಾತ್ರ ಇತ್ತು. ಆದರೂ ಶಾಸ್ತಾದಲ್ಲಿ ಹಿಂದಿನ ವರ್ಷಕ್ಕಿಂತ ನೀರು ವಾಸಿ. ಯೋಜನೆ ಸಿದ್ಧವಾಯಿತು, ಮಂಡಳಿ ಒಪ್ಪಿತು. ಮೇ ತಿಂಗಳ ಕೊನೆಗೆ ಗೊತ್ತಾಗಿದ್ದು ನೋಡಿ: ಜಲಾಶಯದ ಆಳದ ಉಷ್ಣಾಂಶ ಅಳೆಯುವ ಉಪಕರಣವೇ ಕೆಟ್ಟಿತ್ತು. ನೀರು ಅವರು ಬರೆದುಕೊಂಡಿದ್ದಕ್ಕಿಂತ ಬೆಚ್ಚಗಿತ್ತು. ಒಪ್ಪಿಗೆ ತಡೆಹಿಡಿದರು, ಹೊಸ ಯೋಜನೆ ಮಾಡಿದರು. ಶಾಸ್ತಾದ ಕೆಳಗೆ ಅದೇ ನದಿಗಿರುವ ಕೆಸ್ವಿಕ್ ಡ್ಯಾಂನಿಂದ ಬಿಡುವ ನೀರನ್ನು 7,250 ಕ್ಯೂಸೆಕ್‌ಗೆ ಇಳಿಸಿದರು, ಗುರಿಯನ್ನು 57 ಡಿಗ್ರಿಗೆ ಏರಿಸಿದರು. ಕೆಳಗಿನ ಭತ್ತದ ರೈತರು ಗೊಣಗಿದರು, ಮೀನಿನ ಕಡೆಯವರೂ ಗೊಣಗಿದರು. ಆ ವರ್ಷ ಬದುಕಿದ ಮರಿ 2014ಕ್ಕಿಂತಲೂ ಕಮ್ಮಿ.

ಥರ್ಮಾಮೀಟರ್ ಸ್ವಲ್ಪ ತಪ್ಪಿದರೆ ಅಷ್ಟೊಂದಾ ಅಂತ ಕೇಳಬಹುದು. ನಾನೂ ಕೇಳಿಕೊಂಡೆ. ಒಂದು ಉದಾಹರಣೆ ಲೆಕ್ಕ ಹಾಕೋಣ. ಇದು ಶಾಸ್ತಾದ ಅಳತೆಯಲ್ಲ, ಅಂಥದ್ದೇ ಗಾತ್ರದ ಜಲಾಶಯ ಅಂತ ಹಿಡಿಯಿರಿ. ತಳದ ಕಡೆಗೆ ಉಷ್ಣಾಂಶ ಬಹಳ ನಿಧಾನವಾಗಿ ಬದಲಾಗುತ್ತದೆ, ಮೀಟರ್‌ಗೆ 0.05 ಡಿಗ್ರಿ ಅಂತಿಟ್ಟುಕೊಳ್ಳಿ. ಥರ್ಮಾಮೀಟರ್ ಅರ್ಧ ಡಿಗ್ರಿ ಕಮ್ಮಿ ತೋರಿಸುತ್ತಿದೆ. ಆಗ ನಿಮಗೆ ಬೇಕಾದ ತಣ್ಣೀರಿನ ಗೆರೆ ನೀವು ಬರೆದುಕೊಂಡದ್ದಕ್ಕಿಂತ 10 ಮೀಟರ್ ಕೆಳಗಿದೆ. ಆ ಆಳದಲ್ಲಿ ಜಲಾಶಯದ ಹರವು 40 ಚದರ ಕಿಲೋಮೀಟರ್ ಇದ್ದರೆ, ಇದೆ ಅಂದುಕೊಂಡ 40 ಕೋಟಿ ಘನ ಮೀಟರ್ ತಣ್ಣೀರು ಇಲ್ಲವೇ ಇಲ್ಲ. 14 ಟಿಎಂಸಿ! ದಿನಕ್ಕೆ 11,574 ಕ್ಯೂಸೆಕ್ ಅಂದರೆ 1 ಟಿಎಂಸಿ ಅಂತ ನಮ್ಮ ಕಾವೇರಿ ಸುದ್ದಿ ಓದುವವರಿಗೆಲ್ಲ ಬಾಯಿಪಾಠ. 7,250 ಕ್ಯೂಸೆಕ್ ಲೆಕ್ಕದಲ್ಲಿ ಆ 14 ಟಿಎಂಸಿ ಮೂರು ವಾರದ ನೀರು. ಅರ್ಧ ಡಿಗ್ರಿ ತಪ್ಪು, ಮೂರು ವಾರ ಮಾಯ. ಅದೂ ಯಾವ ಮೂರು ವಾರ? ಕೊನೆಯ ಮೂರು ವಾರ. ತಡವಾಗಿ ಇಟ್ಟ ಮೊಟ್ಟೆಗಳು ಇನ್ನೂ ಒಡೆಯದೆ ಜಲ್ಲಿಯೊಳಗಿರುವ ಹೊತ್ತು.

ಇದಕ್ಕೇ ನಾನು ಮಾಡೆಲ್ ಮೇಲೆ ಅಷ್ಟೊಂದು ಹರಿಹಾಯಬೇಡಿ ಅನ್ನುವುದು. ಸಮೀಕರಣ ತಪ್ಪಿರಲಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಎಷ್ಟು ದುಡ್ಡಿದೆ ಅಂತ ಬೆಳಿಗ್ಗೆಯೇ ತಪ್ಪು ಎಣಿಸಿದರೆ ಸಂಜೆಯ ಲೆಕ್ಕ ಹೇಗೆ ತಾಳೆಯಾಗುತ್ತದೆ? ಮಾಡೆಲ್‌ನ ತಪ್ಪೂ ಇಲ್ಲವೆಂದಲ್ಲ. ಗೇಟಿನ ಉಕ್ಕಿನ ಪೆಟ್ಟಿಗೆ ಸೋರುತ್ತದೆ. ಆಳದ ಗೇಟು ಮಾತ್ರ ತೆಗೆದಿದ್ದರೂ ಸಂದುಗಳಿಂದ ಮೇಲಿನ ಬೆಚ್ಚಗಿನ ನೀರು ಒಳಗೆ ಬಂದು ಬೆರೆಯುತ್ತದೆ. ಕಾಗದದ ಮೇಲೆ ಪಕ್ಕದ ಗೇಟು ಅಂದರೆ ಪೂರ್ತಿ ತಣ್ಣೀರು, ನಿಜದಲ್ಲಿ ಅದು ಬೆರಕೆ. ಇಂಥ ಸೋರಿಕೆಯನ್ನು ಅಳೆದು ಮಾಡೆಲ್‌ಗೆ ಕೂರಿಸುವುದು ಬೇಜಾರಿನ ಕೆಲಸ, ಆದರೆ ದೋಸೆ ಪದರವನ್ನು ಒಂದು ಮೀಟರ್‌ನಿಂದ ಅರ್ಧ ಮೀಟರ್‌ಗೆ ಇಳಿಸುವುದಕ್ಕಿಂತ ನೂರು ಪಾಲು ಉಪಯೋಗದ ಕೆಲಸ. ಉದ್ದಕ್ಕೂ ಆಳಕ್ಕೂ ಎರಡೂ ಕಡೆ ನೋಡುವ ಸಿಇ-ಕ್ವಾಲ್-ಡಬ್ಲ್ಯು2 ಅನ್ನೋ ಮಾಡೆಲ್ ಅನ್ನೂ ಶಾಸ್ತಾಕ್ಕೆ ಬಳಸುತ್ತಾರೆ. ಒಳ್ಳೆಯದೇ. ಆದರೆ ಕೆಟ್ಟ ಥರ್ಮಾಮೀಟರ್ ಅದನ್ನೂ ಅಷ್ಟೇ ಸಲೀಸಾಗಿ ಮುಳುಗಿಸುತ್ತದೆ.

ಇನ್ನು ಆ 56. ನಿಜಕ್ಕೂ ತಲೆ ಕೆಡಿಸುವ ಭಾಗ ಇದು.

ಎರಡು ವರ್ಷದ ಸಾವು ನೋಡಿ ವಿಜ್ಞಾನಿಗಳಿಗೆ ಅನುಮಾನ ಬಂತು. ಪ್ರಯೋಗಾಲಯದ ಲೆಕ್ಕದ ಪ್ರಕಾರ ಅಷ್ಟು ಬಿಸಿಗೆ ಅಷ್ಟೊಂದು ಮೊಟ್ಟೆ ಸಾಯಬಾರದು. ಬೆಂಜಮಿನ್ ಮಾರ್ಟಿನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಸಿಕ್ಕಿತು. ನದಿಯಲ್ಲಿರುವ ಮೊಟ್ಟೆಗಳು ಪ್ರಯೋಗಾಲಯದ ಮೊಟ್ಟೆಗಳಿಗಿಂತ ಸುಮಾರು 3 ಡಿಗ್ರಿ ಸೆಲ್ಸಿಯಸ್ ಕಮ್ಮಿ ಬಿಸಿಗೇ ಸಾಯತೊಡಗುತ್ತವೆ. ಕಾರಣ ಉಸಿರು. ನೀರು ಬಿಸಿಯಾದಷ್ಟೂ ಮೊಟ್ಟೆಯೊಳಗಿನ ಜೀವಕ್ಕೆ ಆಮ್ಲಜನಕ ಜಾಸ್ತಿ ಬೇಕು. ಮೊಟ್ಟೆಗೆ ಕಿವಿರು ಇಲ್ಲ, ಪಕ್ಕದಲ್ಲಿ ಹರಿಯುವ ನೀರಿನಿಂದ ಸಿಪ್ಪೆಯ ಮೂಲಕ ಇಳಿದಷ್ಟೇ ಗತಿ. ಪ್ರಯೋಗಾಲಯದಲ್ಲಿ ನೀರು ಸರಾಗವಾಗಿ ಹರಿಯುತ್ತದೆ, ಜಲ್ಲಿಯ ಸಂದಿಯಲ್ಲಿ ತೆವಳುತ್ತದೆ. ಹಾಗಾಗಿ ನದಿಯಲ್ಲಿ ಸುಮಾರು 12 ಡಿಗ್ರಿ ದಾಟಿದರೆ ಅಪಾಯ ಶುರು. ಅವರ ಲೆಕ್ಕದಲ್ಲಿ 53.5 ಫ್ಯಾರನ್‌ಹೀಟ್. ಅಂದರೆ ಅಷ್ಟೂ ವರ್ಷ ಕಾದುಕೊಂಡು ಬಂದ 56 ಅನ್ನೋ ಗೆರೆಯೇ ಬೆಚ್ಚಗಿತ್ತು. 2014ರಲ್ಲಿ ಮಾಡೆಲ್ ಚಾಚೂ ತಪ್ಪದೆ ಸರಿ ಇದ್ದು ನದಿ ಕೊನೆಯ ತನಕ 56ರ ಅಂಚಿನಲ್ಲೇ ನಿಂತಿದ್ದರೂ ಒಂದಷ್ಟು ಮೊಟ್ಟೆ ಸಾಯುತ್ತಲೇ ಇದ್ದವು.

53.5 ಅಂದರೆ ಇನ್ನೂ ಆಳದ ನೀರು ಬೇಕು. ಆ ನೀರು ಇರುವುದೇ ಕಮ್ಮಿ. ಜೂನ್‌ನಿಂದಲೇ ಅಷ್ಟು ತಣ್ಣಗೆ ಬಿಟ್ಟರೆ ಸೆಪ್ಟೆಂಬರ್‌ಗೆ ಖಾಲಿ. ಹಾಗಾಗಿ ಮೊಟ್ಟೆಗಳಿಗೆ ಆಮ್ಲಜನಕ ಜಾಸ್ತಿ ಬೇಕಾಗುವ ಹೊತ್ತು ನೋಡಿ ಖರ್ಚು ಮಾಡಬೇಕಾಗುತ್ತದೆ. ಅಂದರೆ ಜಲಾಶಯದ ಮಾಡೆಲ್ ಜೊತೆಗೆ ನದಿಯ ಮಾಡೆಲ್, ಅದರ ಜೊತೆಗೆ ಮೊಟ್ಟೆಯ ಮಾಡೆಲ್, ಮೂರನ್ನೂ ಒಂದಕ್ಕೊಂದು ಕಟ್ಟಿ ಓಡಿಸಬೇಕು.

ಈ ಮೀನುಗಳಲ್ಲಿ ಹೆಚ್ಚಿನವು ಮೂರನೇ ವರ್ಷಕ್ಕೆ ವಾಪಸ್ ಬರುತ್ತವೆ. 2014ರ ಪೆಟ್ಟು ಕಂಡಿದ್ದು 2017ರಲ್ಲಿ, ಬಂದದ್ದು ಸಾವಿರದ ಆಸುಪಾಸು. ಡ್ಯಾಂ ಬುಡದಲ್ಲೇ ಇರುವ ಲಿವಿಂಗ್‌ಸ್ಟನ್ ಸ್ಟೋನ್ ಮೀನುಮರಿ ಕೇಂದ್ರದಲ್ಲಿ ಬರದ ಆ ವರ್ಷಗಳಲ್ಲಿ ಮಾಮೂಲಿಗಿಂತ ಎಷ್ಟೋ ಜಾಸ್ತಿ ಮರಿ ಸಾಕಿ ಬಿಟ್ಟಿದ್ದರಿಂದ ಅಷ್ಟಾದರೂ ಬಂದವು.

2022ರಲ್ಲಿ ಇನ್ನೊಂದು ಪ್ರಯತ್ನ ಆಯಿತು. ಸರ್ಕಾರದ ಇಲಾಖೆಗಳು ಮತ್ತು ಆ ನದಿಯ ಮೂಲ ಜನರಾದ ವಿನ್ನೆಮೆಮ್ ವಿಂಟು ಬುಡಕಟ್ಟಿನವರು ಸೇರಿ ಈ ಮೀನಿನ ಮೊಟ್ಟೆಗಳನ್ನು ಡ್ಯಾಂ ದಾಟಿಸಿ ಮೆಕ್‌ಕ್ಲೌಡ್ ದಡಕ್ಕೆ ಒಯ್ದರು. ಅಲ್ಲೇ ನದಿಯ ನೀರು ಹರಿಸಿ ತೊಟ್ಟಿಗಳಲ್ಲಿ ಮರಿ ಮಾಡಿಸಿ ನದಿಗೆ ಬಿಟ್ಟರು. ಎಂಟು ದಶಕದ ಮೇಲೆ ಆ ನೀರಿನಲ್ಲಿ ಈ ಮೀನಿನ ಮರಿ. ಆದರೆ ಕೆಳಗೆ ಈಜಿ ಬಂದರೆ ಮತ್ತದೇ ಡ್ಯಾಂ ಅಡ್ಡ. ಅದಕ್ಕೆ ಮರಿಗಳಲ್ಲಿ ಒಂದಷ್ಟನ್ನು ನದಿಯಲ್ಲೇ ಬಲೆ ಒಡ್ಡಿ ಹಿಡಿದು, ಗಾಡಿಯಲ್ಲಿ ತುಂಬಿಕೊಂಡು, ಶಾಸ್ತಾವನ್ನು ಬಳಸಿ ಹೋಗಿ, ಕೆಳಗೆ ಸ್ಯಾಕ್ರಮೆಂಟೊಗೆ ಬಿಟ್ಟು ಬಂದರು.